ಕಡಲ ದಿನದ ಮುಂಜಾವು

ಬಂದರು ಸಿಗದ ದಿನಗಳಲ್ಲಿ ಹಡಗಿನ ಬದುಕು ಬೇಸರ ತರಿಸುತ್ತದೆ ಎಂದು ಲೇಖಕರೊಬ್ಬರು ಬರೆದಿದ್ದಾರೆ; ಆ ಮಾತನ್ನು ನಾನು ಒಪ್ಪಲಾರೆ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೋಗುವ ಕ್ವೀನ್ ಮೇರಿ 2 ಹಡಗಿನಲ್ಲಿ, ಎರಡೂ ಊರುಗಳ ನಡುವಿನ 5 ಗಂಟೆಗಳ ಅಂತರವನ್ನು ಸರಿದೂಗಿಸಲು ದಾರಿಯಲ್ಲಿ ಗಡಿಯಾರವನ್ನು ಒಂದೊಂದೇ ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ನಸುಕಿನಲ್ಲೇ ತಾನಾಗಿ ಎಚ್ಚರವಾಗುತ್ತದೆ. ಆ ಹೊತ್ತಿಗೆ 7ನೇ ಡೆಕ್ಕಿನಲ್ಲಿ (ಅಂತಸ್ತಿನಲ್ಲಿ) ಹಡಗನ್ನು ಪೂರ್ತಿ ಸುತ್ತಿಬರುವ ಹಾದಿಯ ಹಲಗೆಗಳು ಇನ್ನೂ ಒದ್ದೆಯಾಗಿರುತ್ತವೆ; ಕಂಬಿಯ ಮೇಲಿನ ಉಪ್ಪಿನ ಪಸೆ ಅಂಗೈಗೆ ಅಂಟುತ್ತದೆ. ಪಶ್ಚಿಮಕ್ಕೆ ಸಾಗುವಾಗ ಸೂರ್ಯೋದಯವನ್ನು ನೋಡಲು ಹಡಗಿನ ಹಿಂಬದಿಗೆ ಹೋಗಬೇಕು (ಇದು ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ). ಮೂರು ಸುತ್ತು ಹಾಕಿದರೆ ಸುಮಾರು 1.8 ಕಿಲೋಮೀಟರ್ ನಡೆದಂತಾಗುತ್ತದೆ. ಇಷ್ಟು ಪ್ರಶಾಂತವಾದ ವಾಯುವಿಹಾರ ನನಗೆ ನೆಲದ ಮೇಲೆ ಎಲ್ಲೂ ಸಿಕ್ಕಿಲ್ಲ. ಹೊಸದಾಗಿ ಹೊರಡುವವರು ಒಂದು ದಿನವಾದರೂ ತಿಂಡಿಗೆ ಮೊದಲು ಅಲ್ಲಿಗೆ ಹೋಗಿಬರಲಿ ಎಂದು ಮನಸಾರೆ ಕೋರುತ್ತೇನೆ.