ಟಿಬೆಟನ್ ದ್ರಾಕ್ಷಿ ರೈತರಿಗೆ 'ತಿಳಿವಳಿಕೆ ಸಾಲದು' ಎನ್ನುವವರಿಗೆ

ಈಗಷ್ಟೇ ಒಂದು ವಿಡಿಯೋ ನೋಡಿದೆ, ಮೈ ಉರೀತಿದೆ. ಚೀನಾದ ಯುನ್ನಾನ್ ಪ್ರಾಂತ್ಯದ ದೆಚಿನ್ ಕಡೆಯ ಟಿಬೆಟನ್ ರೈತರು ದ್ರಾಕ್ಷಿಯ ಹೊಸ ಪದ್ಧತಿಗಳಿಗೆ ಬೇಗ ಒಗ್ಗಲ್ಲವಂತೆ. ಕಾರಣ, ತಿಳಿವಳಿಕೆ ಸಾಲದಂತೆ.

ನಾನು ವಿಜಯಪುರದ ದ್ರಾಕ್ಷಿ ತೋಟದಲ್ಲೇ ಬೆಳೆದವಳು, ನಿಮಗೆ ಗೊತ್ತಲ್ವಾ. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ತಿಳಿವಳಿಕೆ ಇಲ್ಲದವರಾ ಅವರು? ಫ್ರೆಂಚ್ ಪಾದ್ರಿಗಳು ತಂದ ಬಳ್ಳಿ ಅಲ್ಲಿನ ಸಿಝೋಂಗ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಉಳಿದಿತ್ತು. ಅದರ ಕಡ್ಡಿ ತಂದು ನೆಟ್ಟು, ಮನೆಯಲ್ಲೇ ವೈನ್ ಮಾಡಿದವರು ಆ ಊರಿನವರೇ. 2000ದ ಆಚೆಗೆ ಸರ್ಕಾರ ಕ್ಯಾಬರ್ನೆ ಸೊವಿನ್ಯೊಂ ಎಂಬ ವೈನ್ ದ್ರಾಕ್ಷಿ ತಳಿ ಹಾಕಿ ಅಂದಾಗ ಬಾರ್ಲಿ ಹೊಲಗಳಲ್ಲಿ ಅದನ್ನೂ ನೆಟ್ಟರು.

ಆ ಹೊಸ ಪದ್ಧತಿಗಳಲ್ಲಿ ಒಂದು, ಹಣ್ಣಾಗುವ ಮೊದಲೇ ಹಸಿರು ಗೊಂಚಲು ಕತ್ತರಿಸುವ ಮಾತನ್ನೇ ನೋಡಿ. ಅರ್ಧ ಕಿತ್ತು ಹಾಕಿದರೆ ಉಳಿದ ಹಣ್ಣಿನ ರುಚಿ ಗಟ್ಟಿಯಾಗುತ್ತೆ, ಸರಿ. ಆದರೆ ಕೊಳ್ಳುವವರು ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದರೆ? ನೆಲಕ್ಕೆ ಬಿದ್ದ ಒಂದೊಂದು ಗೊಂಚಲೂ ಆ ಮನೆಯ ನಷ್ಟ. ಅದೇ ದೆಚಿನ್ ಕಡೆ ಆವ್ ಯುನ್ ಎಂಬ ವೈನ್ ತಯಾರಿಸುವವರು ಸುಮಾರು 2,200ರಿಂದ 2,600 ಮೀಟರ್ ಎತ್ತರದ ಪುಟ್ಟ ಪುಟ್ಟ ಮೆಟ್ಟಿಲು ಹೊಲಗಳನ್ನು ಗುತ್ತಿಗೆಗೆ ಪಡೆದು, ಕೆಲಸಕ್ಕೆ ಕೂಲಿ ಕೊಡುತ್ತಾರೆ. ಅಲ್ಲಿ ಗೊಂಚಲು ಕತ್ತರಿಸಿದರೆ ರೈತನ ಕಿಸೆಗೆ ಕತ್ತರಿ ಬೀಳಲ್ಲ. ವ್ಯತ್ಯಾಸ ಇರೋದು ತಲೆಯಲ್ಲಲ್ಲ, ದುಡ್ಡು ಕೊಡುವ ರೀತಿಯಲ್ಲಿ!

ಮತ್ತೆ ಮೇಲೆ ಕಾವಾಗೆಬೊ ಇದೆ, 6,740 ಮೀಟರ್, ಅವರ ಪವಿತ್ರ ಪರ್ವತ. ಹುಳ ಕೊಲ್ಲುವುದು ಪಾಪ ಎನ್ನುವ ಬೌದ್ಧರ ಮನೆಯಲ್ಲಿ ಔಷಧಿ ಹೊಡೆಯುವುದು ಸುಲಭದ ತೀರ್ಮಾನವಲ್ಲ. ಕೆಲವರು ರಾಸಾಯನಿಕ ಬಿಟ್ಟು ಸಾವಯವಕ್ಕೆ ಬಂದದ್ದರ ಹಿಂದೆ ಈ ನಂಬಿಕೆಯೂ ಇದೆ. ಅದೂ ಹೊಸ ಪದ್ಧತಿಯೇ ಅಲ್ವಾ? ಅದನ್ನು ಯಾಕೆ ಲೆಕ್ಕಕ್ಕೆ ಹಿಡಿಯಲ್ಲ?

ತರಬೇತಿ ಬೇಡವಾ ಅಂತ ಕೇಳ್ತೀರಿ. ಬೇಕು. ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಸವರುವುದು, ಎಲ್ಲಿ ಮಾಡಬೇಕು, ರೋಗ ಹೇಗೆ ಗುರುತಿಸಬೇಕು, ಯಾರಾದರೂ ತೋರಿಸಲೇಬೇಕು. ಆದರೆ ನಮ್ಮ ಕಡೆ ದ್ರಾಕ್ಷಿ ಕಸಿ ಕಟ್ಟಲು ಬಳಸುವ ಡಾಗ್‌ರಿಡ್ಜ್ ಬೇರುಗಿಡ ಹಬ್ಬಿದ್ದು ಸುಮ್ನೆ ಭಾಷಣ ಕೇಳಿ ಅಲ್ಲ. ಬರಕ್ಕೂ ಉಪ್ಪು ನೀರಿಗೂ ಅದು ತಡೆಯೋದನ್ನು ಪಕ್ಕದ ತೋಟದಲ್ಲಿ ಕಣ್ಣಾರೆ ಕಂಡ ಮೇಲೆ.

ಬಾರ್ಲಿ ಮಾರಾಟವಾಗದಿದ್ದರೆ ಮನೆಯಲ್ಲೇ ತ್ಸಂಪಾ, ಅಂದರೆ ಹುರಿದ ಬಾರ್ಲಿ ಹಿಟ್ಟು, ಮಾಡಿ ತಿನ್ನಬಹುದು. ವೈನ್ ದ್ರಾಕ್ಷಿ ಕೊಳ್ಳಲು ಆ ವರ್ಷ ಯಾರೂ ಬರದಿದ್ದರೆ ಏನು ತಿನ್ನಬೇಕು? ಅದನ್ನು ಯೋಚಿಸಿ ತಡ ಮಾಡುವ ರೈತನನ್ನು ದಡ್ಡ ಅನ್ನಬೇಡಿ. ನನಗೆ ನಿಜಕ್ಕೂ ನೋವಾಗುತ್ತೆ.