ಇಎಂಐ ಕಟ್ಟಿ ಗಾಂಧಿ ಕ್ಲಾಸಿಗೆ

ನಮ್ಮೂರಿನ ಟಾಕೀಸಿನಲ್ಲಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ಕತ್ತೆತ್ತಿ ನೋಡುವ ಜಾಗಕ್ಕೆ ಗಾಂಧಿ ಕ್ಲಾಸ್ ಅಂತ ಹೆಸರಿತ್ತು. ಎಲ್ಲಕ್ಕಿಂತ ಅಗ್ಗದ ಟಿಕೆಟ್. ಕಾಸಿದ್ದವರು ಹಿಂದೆ, ಬಾಲ್ಕನಿಯಲ್ಲಿ. ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಎಲ್ಲ ಉಲ್ಟಾ. ದೊಡ್ಡ ಟಿವಿಗೆ 24 ತಿಂಗಳು ಕಂತು ಕಟ್ಟಿ, ಸ್ವಂತ ಹಾಲಿನಲ್ಲೇ ಗಾಂಧಿ ಕ್ಲಾಸಿಗೆ ಹೋಗಿ ಕೂರುತ್ತಿದ್ದೇವೆ.

ನಮ್ಮನೆ ಕಥೆಯನ್ನೇ ಕೇಳಿ. ಹಾಲ್ ಗೋಡೆಯಿಂದ ಗೋಡೆಗೆ 10 ಅಡಿ. ಮೇಲಿನ ಮನೆಯವರು 65 ಇಂಚು ತಂದರು. ನಮಗೇನು ಕಮ್ಮಿ? 2025ರ ಸೆಪ್ಟೆಂಬರಿನಲ್ಲಿ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದದ್ದೇ ನೆಪ, 75 ಇಂಚಿಗೆ ಕೈ ಹಾಕಿದೆವು. ಶೋರೂಮಿನಲ್ಲಿ 20 ಅಡಿ ದೂರದಿಂದ, 98 ಇಂಚಿನದೊಂದರ ಪಕ್ಕದಲ್ಲಿ, ಅದು ಪಾಪದ ಕೂಸಿನ ಹಾಗೆ ಕಂಡಿತ್ತು. ಮನೆಗೆ ಬಂದಾಗ ಲಿಫ್ಟಿನಲ್ಲಿ ಹಿಡಿಸಲಿಲ್ಲ. ನಾಲ್ಕು ಜನ ಮೆಟ್ಟಿಲು ಹತ್ತಿಸಿ, ದೇವರ ಫೋಟೊ ಎತ್ತರಕ್ಕೆ ಗೋಡೆಗೆ ಹೊಡೆದು ಹೋದರು. ಸ್ವಲ್ಪ ಕೆಳಗೆ, ಕಣ್ಣಿನ ಮಟ್ಟಕ್ಕೆ ಹಾಕಪ್ಪ ಅಂದರೆ, "ಎಲ್ರೂ ಇಲ್ಲೇ ಹಾಕಿಸ್ತಾರೆ ಸರ್."

ಆಮೇಲೆ ಬುದ್ಧಿ ಬಂತು, ಟೇಪ್ ಹಿಡಿದೆ. ಪರದೆ ಮೂಲೆಯಿಂದ ಮೂಲೆಗೆ ಎಷ್ಟಿದೆಯೋ ಅದರ 1.6 ಪಟ್ಟು ದೂರ ಕೂತರೆ ಆರಾಮ. ಆಗ ಅದು ಕಣ್ಣಿನ ನೋಟದಲ್ಲಿ ಅಡ್ಡಕ್ಕೆ ಸುಮಾರು 30 ಡಿಗ್ರಿ ಕೋನದಷ್ಟು ತುಂಬುತ್ತದೆ. 75ಕ್ಕೆ 120 ಇಂಚು, ಅಂದರೆ ಸರಿಯಾಗಿ 10 ಅಡಿ. ಟಿವಿಯನ್ನು ಈ ಗೋಡೆಗೆ, ನನ್ನ ಕಣ್ಣನ್ನು ಆ ಗೋಡೆಗೆ ಮೊಳೆ ಹೊಡೆಯಬೇಕು. ಸೋಫಾ ಪಕ್ಕದ ಫ್ಲ್ಯಾಟಿನಲ್ಲಿ. ನಿಜಕ್ಕೂ ಸಿಗುವುದು ಏಳೂವರೆ ಅಡಿ, ಅಂದರೆ 40 ಡಿಗ್ರಿ. ಥಿಯೇಟರ್ ಫೀಲ್ ಅಂದ್ರೆ ಅದೇ ಸರ್ ಅಂತಾನೆ ಮಾರಿದ ಹುಡುಗ. ಹೌದಪ್ಪ, ಆದರೆ ಇಲ್ಲಿ ಓಡೋದು 4ಕೆ ಸಿನಿಮಾ ಅಲ್ಲ, ಕೇಬಲ್ಲಿನ ಮಾಮೂಲಿ ಚಾನೆಲ್ಲಿನ ಧಾರಾವಾಹಿ. ಅದರ 576 ಗೆರೆಗಳ ಚಿತ್ರವನ್ನು 4ಕೆ ಪರದೆಯ 2160 ಗೆರೆಗಳಿಗೆ ಎಳೆದು ಕೂರಿಸಿದರೆ ಅತ್ತೆಯ ಮೂಗುತಿ ರವೆ ಉಂಡೆಯಂತೆ ಕಾಣುತ್ತೆ. ಬ್ರೇಕಿಂಗ್ ನ್ಯೂಸ್ ಓದಲು ಎಡದಿಂದ ಬಲಕ್ಕೆ ಕತ್ತು ತಿರುಗಿಸಬೇಕು.

ಚಿಕ್ಕವರಿದ್ದಾಗ ಅಮ್ಮ "ದೂರ ಕೂತ್ಕೊಳ್ರೋ, ಕಣ್ಣು ಹೋಗುತ್ತೆ" ಅಂತ ಬೈಯುತ್ತಿದ್ದಳು. (1967ರಲ್ಲಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಕೆಲವು ಕಲರ್ ಟಿವಿಗಳಿಂದ ಎಕ್ಸ್‌ರೇ ಸೋರುತ್ತಿದ್ದದ್ದು ಬಯಲಾಗಿತ್ತು; ಭಯ ಪೂರ್ತಿ ಸುಮ್ನೆ ಹುಟ್ಟಿದ್ದಲ್ಲ.) ಹತ್ತಿರ ಕೂತರೆ ಕಣ್ಣೇನೂ ಹೋಗಲ್ಲ, ದಣಿಯುತ್ತೆ ಅಷ್ಟೆ. ಆಗಿನ 21 ಇಂಚಿಗೆ ದೂರ ಹೋಗಲು ಜಾಗವಾದರೂ ಇತ್ತು.

ಮೊನ್ನೆ ಮೇಲಿನ ಮನೆಯವರು ಲಿಫ್ಟಿನಲ್ಲಿ ಸಿಕ್ಕರು. "ನಿಮ್ದು ಎಷ್ಟು ಇಂಚು?" ಹೇಳಿದೆ. ಮುಖ ಸಪ್ಪಗಾಯಿತು. ದಸರೆಗೆ 85 ಬರುತ್ತೆ, ಬರೆದಿಟ್ಟುಕೊಳ್ಳಿ. ಅವರ ಹಾಲೂ ನಮ್ಮಷ್ಟೇ, ಒಂದೇ ಬಿಲ್ಡರ್ ಅಲ್ವಾ?

ಅಮ್ಮ ಮಾತ್ರ ಮೂರನೇ ದಿನಕ್ಕೇ ಸೋಫಾ ಬಿಟ್ಟಳು. ಅಡುಗೆಮನೆ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಮಡಿಲಲ್ಲಿ ಮೊರ ಇಟ್ಟುಕೊಂಡು, ಬೀನ್ಸ್ ನಾರು ತೆಗೆಯುತ್ತಾ ಅಲ್ಲಿಂದಲೇ ಓರೆಯಾಗಿ ನೋಡುತ್ತಾಳೆ. ಅಳೆದೆ, 13 ಅಡಿ. "ಇಲ್ಲಿಗೇ ಬಾರೋ, ಎಲ್ಲರ ಮುಖಾನೂ ನೆಟ್ಟಗೆ ಕಾಣುತ್ತೆ" ಅಂದಳು. ಹೋದೆ. ಕುರ್ಚಿ ಜೊತೆಗೆ ಅರ್ಧ ಕೆಜಿ ಬೀನ್ಸೂ ಸಿಕ್ಕಿತು.