ಮಧ್ಯಾಹ್ನದ ಮಧ್ಯರಾತ್ರಿ

ಡಿಸೆಂಬರ್ 31ರಂದು ಅಮೆರಿಕದ ಎಷ್ಟೋ ಮಕ್ಕಳ ಮ್ಯೂಸಿಯಮ್ಮುಗಳಲ್ಲಿ, ಅಂದರೆ ಎಲ್ಲವನ್ನೂ ಮುಟ್ಟಿ ಆಡಿ ನೋಡುವ ಮ್ಯೂಸಿಯಮ್ಮುಗಳಲ್ಲಿ, ಹೊಸ ವರ್ಷ ಹನ್ನೆರಡು ಗಂಟೆ ಮುಂಚೆಯೇ ಬಂದುಬಿಡುತ್ತದೆ. ಹೊರಗೆ ಹಾಡುಹಗಲು. ಒಳಗೆ ಮೂರು ನಾಲ್ಕು ವರ್ಷದ ಗಣ್ಯರೆಲ್ಲ ಸೇರಿರುತ್ತಾರೆ. ತಲೆಗೆ ತಾವೇ ಕತ್ತರಿಸಿದ ಕಾಗದದ ಕಿರೀಟ, ಕೈಯಲ್ಲಿ ಸೇಬಿನ ರಸದ ಲೋಟ. "ಹತ್ತು, ಒಂಬತ್ತು, ಎಂಟು" ಎಂದು ಹಿಮ್ಮುಖ ಎಣಿಕೆ ನಡೆಯುತ್ತದೆ. ಆರರ ಹತ್ತಿರ ಅರ್ಧ ಜನಕ್ಕೆ ಮುಂದಿನದ್ದು ಏಳೋ ಐದೋ ಎಂಬ ಗೊಂದಲ. ಗಡಿಯಾರ ಮಧ್ಯಾಹ್ನ ಹನ್ನೆರಡು ತೋರಿಸಿದ ಕೂಡಲೇ ಕೇಕೆ, ಕುಣಿತ, ತಮಟೆ. ಆಮೇಲೆ ಮನೆಗೆ ಹೋಗಿ ಊಟ ಮಾಡಿ ನಿದ್ದೆ. 'ನ್ಯೂ ಇಯರ್ಸ್ ಈವ್' ಎಂಬುದರ ಒಂದೇ ಒಂದು ಶಬ್ದ ತಿರುಚಿ ಇದಕ್ಕೆ 'ನೂನ್ ಇಯರ್ಸ್ ಈವ್' ಎಂದು ಹೆಸರಿಟ್ಟಿದ್ದಾರೆ.

ಮಕ್ಕಳಿಗೆ ಸುಳ್ಳು ಹೇಳಿದ ಹಾಗಾಯಿತಲ್ಲ ಎನ್ನುವವರಿಗೆ ಭೂಮಿ ದುಂಡಗಿದೆ ಎಂಬ ಉತ್ತರ ಸಿದ್ಧವಿದೆ. ಬಾಸ್ಟನ್ನಿನಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಬ್ಯಾಂಕಾಕಿನಲ್ಲಿ ನಿಜಕ್ಕೂ ಮಧ್ಯರಾತ್ರಿ. ಚಿಕಾಗೋದ ನಡುಹಗಲು ಢಾಕಾದ ನಡುರಾತ್ರಿ, ಕ್ಯಾಲಿಫೋರ್ನಿಯಾದ್ದು ದುಬೈನದು. ನಮ್ಮ ಗಡಿಯಾರ ಮಾತ್ರ ಅರ್ಧ ಗಂಟೆಯ ಬಾಲ ಅಂಟಿಸಿಕೊಂಡಿರುವುದರಿಂದ ಈ ಲೆಕ್ಕಕ್ಕೆ ಸಿಗುವುದಿಲ್ಲ. ಬೆಂಗಳೂರಿನ ಮಧ್ಯರಾತ್ರಿ ಎಂದರೆ ಚಿಕಾಗೋದಲ್ಲಿ 12:30, ಬಾಸ್ಟನ್ನಿನಲ್ಲಿ 1:30. ಇದೂ ಉಪಯೋಗಕ್ಕೆ ಬರುತ್ತದೆ. ಪಾರ್ಕಿಂಗ್ ಸಿಗದೆ, ಷೂ ಸಿಗದೆ, ಕೊನೇ ಗಳಿಗೆಯಲ್ಲಿ ಶೌಚಕ್ಕೆ ಅವಸರವಾಗಿ ತಡವಾಗುವ ಮನೆಗಳು ಎಲ್ಲ ಊರಲ್ಲೂ ಇರುತ್ತವೆ. ಬಾಗಿಲಲ್ಲೇ "ಮುಗಿದುಹೋಯಿತು" ಎಂದರೆ ಮೂರು ವರ್ಷದ ಮಗುವಿನ ಮಟ್ಟಿಗೆ ಇಡೀ ವರ್ಷವೇ ಹೋದಂತೆ. ಹಾಗಾಗಿ ತಿಳಿದವರು ಎರಡನೇ ಎಣಿಕೆ ಇಟ್ಟೇ ಇಟ್ಟಿರುತ್ತಾರೆ. ಚಿಕಾಗೋದಲ್ಲಿ ಅದನ್ನು ಹನ್ನೆರಡೂವರೆಗೆ ಇಟ್ಟರೆ ಅಲ್ಲಿನ ಕನ್ನಡದ ಮಕ್ಕಳು ತಡವಾಗಿ ಬಂದವರೂ ಅಲ್ಲ. ಬೆಂಗಳೂರಿನ ಅಜ್ಜಿಯ ಗಡಿಯಾರಕ್ಕೆ ಸರಿಯಾದ ಹೊತ್ತಿಗೇ ಬಂದವರು.

ಈ ಹಬ್ಬದಲ್ಲಿ ಬದಲಾಗಿರುವುದು ಗಡಿಯಾರ ಒಂದೇ. ಏಣಿ ಅದೇ, ಜಾರುಬಂಡೆ ಅದೇ, ನೀರಿನ ತೊಟ್ಟಿ ಅದೇ. ಮಕ್ಕಳ ಮ್ಯೂಸಿಯಮ್ಮಿನ ವಿಶೇಷ ಸಂಜೆಗಳಲ್ಲಿ ಚೆನ್ನಾಗಿ ನಡೆದವುಗಳನ್ನೆಲ್ಲ ಸಾಲಾಗಿಟ್ಟು ನೋಡಿದರೆ ಇದೇ ಗುಟ್ಟು ಕಾಣುತ್ತದೆ. ದೀಪ ಆರಿಸಿ ಟಾರ್ಚ್ ಕೊಡುತ್ತಾರೆ; ಅದು ಟಾರ್ಚ್ ಸಂಜೆ. ಎಲ್ಲರೂ ರಾತ್ರಿ ಉಡುಪಿನಲ್ಲಿ ಬನ್ನಿ ಎನ್ನುತ್ತಾರೆ; ಅದು ಪೈಜಾಮ ಸಂಜೆ. (ಅಪ್ಪಂದಿರು ಲುಂಗಿಯಲ್ಲಿ ಬರಬಹುದೇ ಎಂಬ ಪ್ರಶ್ನೆಯನ್ನು ಯಾವ ಪ್ರಕಟಣೆಯೂ ಸ್ಪಷ್ಟಪಡಿಸುವುದಿಲ್ಲ.) ಸೋಲುವುದು ಎಲ್ಲವನ್ನೂ ಒಮ್ಮೆಗೇ ಬದಲಿಸುವ ಸಂಜೆ: ಕಡಲುಗಳ್ಳರೂ ಬೇಕು, ಡೈನೋಸಾರೂ ಬೇಕು, ಜಾದೂಗಾರ, ಮುಖಕ್ಕೆ ಬಣ್ಣ, ಡಿಜೆ. ಅದು ಜಾತ್ರೆಯಾಗುತ್ತದೆ. ಜಾತ್ರೆಯಲ್ಲಿ ಮಕ್ಕಳು ಮಾಡುವ ಕೆಲಸ ಒಂದೇ, ಸರದಿಯಲ್ಲಿ ನಿಲ್ಲುವುದು.

ಮುಟ್ಟಿ ನೋಡುವ ಈ ಪದ್ಧತಿಗೆ ವಯಸ್ಸು ಕಡಿಮೆಯೇನಲ್ಲ. ಬ್ರೂಕ್ಲಿನ್ನಿನ ಮಕ್ಕಳ ಮ್ಯೂಸಿಯಂ 1899ರಲ್ಲಿ ತೆರೆಯಿತು. ಮಕ್ಕಳಿಗಾಗಿಯೇ ಕಟ್ಟಿದ ಮೊದಲ ಮ್ಯೂಸಿಯಂ ಅದು. 1913ರಲ್ಲಿ ಬಾಸ್ಟನ್ನಿನದು ಬಂತು. ಅಲ್ಲಿಗೆ 1962ರಲ್ಲಿ ನಿರ್ದೇಶಕರಾಗಿ ಬಂದ ಮೈಕೆಲ್ ಸ್ಪಾಕ್, ವಸ್ತುಗಳನ್ನು ಗಾಜಿನ ಪೆಟ್ಟಿಗೆಯಿಂದ ಇಳಿಸಿ ಮಕ್ಕಳ ಕೈಗೆ ಕೊಟ್ಟ ಮೇಲೆ ಮಿಕ್ಕ ಊರುಗಳೂ ಹಿಂಬಾಲಿಸಿದವು. ನಮ್ಮಲ್ಲಿ 1962ರಲ್ಲೇ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಉದ್ಘಾಟನೆಯಾಯಿತು. ಅಲ್ಲಿ ಗುಂಡಿ ಒತ್ತಿ ಒತ್ತಿ ಬೆಳೆದ ಬೆರಳುಗಳು ಈಗ ಸಿಲಿಕಾನ್ ವ್ಯಾಲಿಯಲ್ಲಿ ಕೀಲಿಮಣೆ ಒತ್ತುತ್ತಿರಬಹುದು.

ದೀಪ ಆರಿಸುವ ಸಂಜೆಗೆ ಬರೋಣ. ಇದ್ದುದರಲ್ಲಿ ಕಡಿಮೆ ಖರ್ಚಿನದ್ದು, ಹೆಚ್ಚು ಸಲ ಕೆಡುವುದೂ ಇದೇ. ಬಿಳೀ ಪಂಚೆಯೊಂದನ್ನು ಬಿಗಿಯಾಗಿ ಕಟ್ಟಿ ಹಿಂದಿನಿಂದ ಬೆಳಕು ಬಿಟ್ಟರೆ ನೆರಳಾಟ ಆಗಿಯೇ ಆಗುತ್ತದೆಂದು ಎಲ್ಲರೂ ನಂಬಿರುತ್ತಾರೆ. ಟ್ಯೂಬ್‌ಲೈಟ್ ಇಟ್ಟವರಿಗೆ ಸಿಗುವುದು ಮೋಡ. ನೆರಳಿನ ಅಂಚು ಹರಿತವಾಗಬೇಕಾದರೆ ಬೆಳಕಿನ ಮೂಲ ಚಿಕ್ಕದಿರಬೇಕು, ಒಂದೇ ಇರಬೇಕು. ನಾಲ್ಕು ಬಲ್ಬಿನ ಅಲಂಕಾರದ ಹೋಲ್ಡರ್ ಇಟ್ಟರೆ ಒಬ್ಬ ರಾವಣನಿಗೆ ನಾಲ್ಕು ನೆರಳು, ನಲವತ್ತು ತಲೆ. ಮೊಬೈಲಿನ ಟಾರ್ಚ್ ಸಾಸಿವೆ ಕಾಳಿನಷ್ಟು ಚಿಕ್ಕದಾದ್ದರಿಂದ ದುಬಾರಿ ಸ್ಪಾಟ್‌ಲೈಟಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಪರದೆಯಿಂದ 6 ಅಡಿ ಹಿಂದೆ ದೀಪ ಇಟ್ಟು, ದೀಪದಿಂದ 3 ಅಡಿಗೆ ಗೊಂಬೆ ಹಿಡಿದರೆ ನೆರಳು ಎರಡು ಪಟ್ಟು. 2 ಅಡಿಗೆ ಹಿಡಿದರೆ ಮೂರು ಪಟ್ಟು. 1 ಅಡಿಗೆ ಹಿಡಿದರೆ ಆರು ಪಟ್ಟು. ಈ ಗಣಿತವನ್ನು ಯಾರೂ ಕಲಿಸಬೇಕಾಗಿಲ್ಲ. ಐದು ನಿಮಿಷದಲ್ಲಿ ಒಂದು ಇರುವೆ ಇನ್ನೊಬ್ಬರ ಆನೆಯನ್ನು ನುಂಗುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಗೊಂಬೆಗಳೂ ದೀಪದ ಬಾಯಿಗೇ ಬಂದು ಕೂತು ಪರದೆ ಪೂರ್ತಿ ಕಪ್ಪಾಗುತ್ತದೆ. ನೆಲಕ್ಕೆ ಬಣ್ಣದ ಟೇಪಿನ ಗೆರೆ ಎಳೆದು, ದೀಪ ಇರುವ ಕಡೆಯನ್ನು 'ಇದು ಸಮುದ್ರ' ಎಂದುಬಿಟ್ಟರೆ ಯಾರೂ ದಾಟುವುದಿಲ್ಲ. 'ದಾಟಬೇಡಿ' ಎಂದು ಬರೆದರೆ ಎಲ್ಲರೂ ದಾಟುತ್ತಾರೆ.

ನಮ್ಮ ತೊಗಲುಗೊಂಬೆಯವರ ಲೆಕ್ಕ ಬೇರೆ. ಅವರು ಗೊಂಬೆಯನ್ನು ಪರದೆಗೆ ಒತ್ತಿಯೇ ಆಡಿಸುತ್ತಾರೆ. ಹದ ಮಾಡಿದ ಆಡಿನ ತೊಗಲು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ; ಹಾಗಾಗಿ ಪರದೆಯ ಮೇಲೆ ಬೀಳುವುದು ಕಪ್ಪು ನೆರಳಲ್ಲ, ಕೆಂಪು ಹಸಿರಿನ ಮೈ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಬಣ್ಣದ ನೆರಳಿಗೆ. ಮ್ಯೂಸಿಯಮ್ಮಿನ ಮೇಜಿನ ಮೇಲೆ ತೊಗಲು ಹದ ಮಾಡುತ್ತ ಕೂರಲಾಗದು; ಮಸಾಲೆದೋಸೆ ಕಟ್ಟಿ ತಂದ ಕಾಗದ ನೋಡಿದವರಿಗೆ ಉಪಾಯ ಹೊಳೆಯಬೇಕು. ಬಿಳೀ ಹಾಳೆಯ ಮೇಲೆ ಮೇಣದ ಬಳಪದಿಂದ ದಟ್ಟವಾಗಿ ಬಣ್ಣ ಹಾಕಿ, ಹಿಂಬದಿಗೆ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿದರೆ ಕಾಗದ ತೊಗಲಿನ ಹಾಗೆ ಬೆಳಕು ಹಾಯಿಸುತ್ತದೆ. ಮರೆಯಬಾರದ ಸಂಗತಿ ಒಂದುಂಟು. ಬೆನ್ನಿಗೆ ಕಡ್ಡಿಯನ್ನು ಟೇಪ್ ಹಾಕಿ ಅಂಟಿಸುವುದು ಎಣ್ಣೆ ಹಚ್ಚುವ ಮೊದಲು. ಎಣ್ಣೆಯ ಮೇಲೆ ಯಾವ ಟೇಪೂ ನಿಲ್ಲದು. ಹನುಮಂತ ಲಂಕೆಗೆ ಹಾರುವ ಹೊತ್ತಿಗೆ ಕಡ್ಡಿ ಕೈಯಲ್ಲಿ ಉಳಿದು ಹನುಮಂತನೊಬ್ಬನೇ ಹಾರಿರುತ್ತಾನೆ.

ಗುಳ್ಳೆ ಸಂಜೆಗೆ ಇಷ್ಟು ಸಿದ್ಧತೆ ಸಾಲದು, ಹಿಂದಿನ ದಿನವೇ ಕೂರಬೇಕು. ಒಂದು ಲೀಟರ್ ನೀರಿಗೆ ಸುಮಾರು 50 ಮಿಲಿಲೀಟರ್ ಪಾತ್ರೆ ತೊಳೆಯುವ ದ್ರವ, ಎರಡು ದೊಡ್ಡ ಚಮಚ ಗ್ಲಿಸರಿನ್, ಒಂದು ಗ್ರಾಮಿನಷ್ಟು ಗೌರ್ ಗಮ್. ಈ ಗೌರ್ ಗಮ್ ಬೇರೇನಲ್ಲ, ಗೋರಿಕಾಯಿ ಬೀಜದ ಹಿಟ್ಟು. ಪಲ್ಯದಲ್ಲಿ ಮೂಗು ಮುರಿಯುವ ಮಕ್ಕಳೇ ಇಲ್ಲಿ ಅದರ ಹಿಂದೆ ಓಡುತ್ತಾರೆ. ಹಿಟ್ಟನ್ನು ನೇರ ನೀರಿಗೆ ಸುರಿದರೆ ರವೆ ಗಂಟಿನ ಹಾಗೆ ಗಂಟಾಗಿ ಮತ್ತೆ ಕರಗದು. ಮೊದಲು ಗ್ಲಿಸರಿನ್ನಿನಲ್ಲಿ ಕಲಸಿ, ಆಮೇಲೆ ನೀರು, ಸೋಪು ಕೊನೆಗೆ. ಜೋರಾಗಿ ಕಡೆಯಬಾರದು, ನೊರೆ ಗುಳ್ಳೆಗೆ ದಾಯಾದಿ. ಕೊಳವೆಬಾವಿಯ ಗಡಸು ನೀರಾದರೆ ಸೋಪಿನ ಒಂದಷ್ಟು ಶಕ್ತಿ ಸುಣ್ಣದ ಜೊತೆ ಜಗಳಕ್ಕೇ ಹೋಗುತ್ತದೆ, ಬಟ್ಟಿ ಇಳಿಸಿದ ನೀರೋ ಆರ್‌ಓ ಯಂತ್ರದ ನೀರೋ ಬಳಸಬೇಕು. ಒಂದು ರಾತ್ರಿ ಇಟ್ಟರೆ ನೊರೆ ಇಳಿದು ದ್ರಾವಣ ಹದಕ್ಕೆ ಬರುತ್ತದೆ.

ಮಗುವನ್ನೇ ಗುಳ್ಳೆಯೊಳಗೆ ನಿಲ್ಲಿಸುವ ಆಟಕ್ಕೆ ಮೂರಡಿ ಅಗಲದ ತೊಟ್ಟಿ, ಎರಡು ಬೆರಳಿನಷ್ಟು ದ್ರಾವಣ, ನಡುವೆ ಜಾರದ ಒಂದು ಮಣೆ, ಮತ್ತು ಹೂಲಾ ಹೂಪ್. ಬರೀ ಪ್ಲಾಸ್ಟಿಕ್ ಹೂಪಿನಲ್ಲಿ ಪೊರೆ ಮೊಣಕಾಲಿಗೆ ಬರುವಷ್ಟರಲ್ಲಿ ಒಡೆಯುತ್ತದೆ. ಸುತ್ತ ಹತ್ತಿಯ ಲಾಡಿ ಸುತ್ತಿದರೆ ಅದು ದ್ರಾವಣ ಹೀರಿಕೊಂಡು ಮೇಲೇರುತ್ತಾ ಪೊರೆಗೆ ಉಣಿಸುತ್ತದೆ, ತಲೆ ದಾಟುವವರೆಗೂ ಹಿಡಿಯುತ್ತದೆ. ಬಿಸಿಯಾದ ಒಣ ಗಾಳಿಯೂ ಒಣ ಬೆರಳೂ ಗುಳ್ಳೆಯ ಶತ್ರುಗಳು. ಒದ್ದೆ ಬೆರಳು ತೂರಿಸಿದರೆ ಗುಳ್ಳೆ ಒಡೆಯದೆ ದಾರಿ ಬಿಡುತ್ತದೆ. ಹೀಟರ್ ಹಾಕಿದ ಬಾಸ್ಟನ್ನಿನ ಚಳಿಗಾಲದ ಕೋಣೆಗಿಂತ ಮಂಗಳೂರಿನ ಮಳೆಗಾಲದ ಜಗಲಿ ಇದಕ್ಕೆ ಎಷ್ಟೋ ಮೇಲು. ನೆಲಕ್ಕೆ ತೂತಿನ ರಬ್ಬರ್ ಮ್ಯಾಟ್ ಇಲ್ಲದಿದ್ದರೆ ಮಾತ್ರ ಈ ಆಟ ಬೇಡ. ಚೆಲ್ಲಿದ್ದನ್ನು ಬರೀ ನೀರಿನಲ್ಲಿ ಒರೆಸಿದರೆ ನೊರೆ ಇನ್ನೂ ಹುಟ್ಟುತ್ತದೆ. ಒರೆಸುವ ನೀರಿಗೆ ಸ್ವಲ್ಪ ವಿನೆಗರ್ ಹಾಕಬೇಕು. ಆಮೇಲೆ ಕೋಣೆಯೆಲ್ಲ ಉಪ್ಪಿನಕಾಯಿ ಭರಣಿಯ ವಾಸನೆ.

ಸದ್ದೊಂದನ್ನೇ ತೆಗೆದುಬಿಡುವ ಸಂಜೆಗಳೂ ಇವೆ. ಗದ್ದಲ, ಹೊಳಪು, ನೂಕುನುಗ್ಗಲು ತಡೆಯಲಾರದ ಮಕ್ಕಳಿಗಾಗಿ, ಅದರಲ್ಲೂ ಆಟಿಸಂ ಇರುವ ಮಕ್ಕಳಿಗಾಗಿ, ಕಡಿಮೆ ಜನರನ್ನು ಬಿಟ್ಟುಕೊಂಡು ನಡೆಸುವಂಥವು. ಸಂಗೀತ ನಿಲ್ಲಿಸುವುದು, ದೀಪ ತಗ್ಗಿಸುವುದು ಎಲ್ಲರಿಗೂ ಹೊಳೆಯುತ್ತದೆ. ಅನುಭವಸ್ಥರು ಮೊದಲು ಹೋಗುವುದು ಶೌಚಾಲಯಕ್ಕೆ. ಕೈ ಒಣಗಿಸುವ ಯಂತ್ರ ಬಂದ್ ಮಾಡಿ ಕಾಗದದ ಟವೆಲ್ ಇಡುತ್ತಾರೆ. ತಾನಾಗಿಯೇ ನೀರು ಬಿಡುವ ಕಮೋಡಿನ ಕಣ್ಣಿಗೆ ಒಂದು ಹಳದಿ ಚೀಟಿ ಅಂಟಿಸುತ್ತಾರೆ. ಕೂತಿರುವಾಗಲೇ ಹಿಂದಿನಿಂದ ಭೋರ್ಗರೆಯುವ ಆ ಯಂತ್ರಕ್ಕೆ ಹೆದರದ ಮಗು ಇಲ್ಲ. ದೊಡ್ಡವರೂ ಹೆದರುತ್ತಾರೆ, ಹೇಳುವುದಿಲ್ಲ. ಆ ಹಳದಿ ಚೀಟಿಯನ್ನು ಮರುದಿನ ಕೀಳದೆ ಬಿಟ್ಟರೂ ಯಾರೂ ದೂರುವುದಿಲ್ಲ.

ಹೊಸ ವರ್ಷದ ಹಬ್ಬದಲ್ಲಿ ಛಾವಣಿಯ ಬಲೆಯಿಂದ ಬಲೂನು ಸುರಿಸುವ ಆಸೆ ಎಲ್ಲ ಸಂಘಟಕರಿಗೂ ಇರುತ್ತದೆ. ದಾರ ಎಳೆದಾಗ ಬಲೆಯ ಒಂದು ಮೂಲೆ ಸಿಕ್ಕಿಕೊಂಡು ಒಂದೇ ಒಂದು ಬಲೂನು ನಾಚಿಕೊಂಡು ಇಳಿಯುವುದು ಚಿಕ್ಕ ಅವಮಾನ. ದೊಡ್ಡ ಅಪಾಯ ಒಡೆದ ಬಲೂನಿನ ಚೂರು. ಅದು ಗಂಟಲಿಗೆ ಹೋದರೆ ಉಸಿರಿನ ದಾರಿಯ ಆಕಾರಕ್ಕೇ ಮೆತ್ತಿಕೊಳ್ಳುತ್ತದೆ, ಕೆಮ್ಮಿದರೂ ಬರದು. ಅದರ ಬದಲು ಗುಳ್ಳೆ ಪ್ಲಾಸ್ಟಿಕ್ಕಿನ ಉದ್ದನೆ ಸುರುಳಿಯನ್ನು ನೆಲಕ್ಕೆ ಹಾಸಿ, ಅಂಚಿಗೆಲ್ಲ ಟೇಪ್ ಹೊಡೆದು, ಸೊನ್ನೆ ಎಂದ ಕೂಡಲೇ ತುಳಿಯಲು ಬಿಟ್ಟರೆ ಪಟಾಕಿಯ ಸದ್ದು ಪುಕ್ಕಟೆ. ಷೂ ಇರಲಿ, ಬರೀ ಕಾಲುಚೀಲದಲ್ಲಿ ತುಳಿದರೆ ಜಾರುತ್ತದೆ. ಮೂರು ವರ್ಷದೊಳಗಿನವರು ಓಡಾಡುವ ಕಡೆ ಮಣಿ, ಗುಂಡಿ, ಗೋಲಿ ಇಡುವ ಮೊದಲು ಟಾಯ್ಲೆಟ್ ಪೇಪರಿನ ಖಾಲಿ ಕೊಳವೆಯೊಳಗೆ ಹಾಕಿ ನೋಡುವುದು ಹಳೇ ರೂಢಿ. ಅದರೊಳಗೆ ಹೋಗುವುದು ಬಾಯೊಳಗೂ ಹೋಗುತ್ತದೆ. ಮಿನುಗುಪುಡಿಯ ಬಗ್ಗೆ ಹೇಳುವುದು ಇಷ್ಟೇ: ತರಬೇಡಿ. ದೀಪಾವಳಿಗೆ ತಂದದ್ದು ಯುಗಾದಿಯ ದಿನ ಗುಡಿಸುವವರ ಹುಬ್ಬಿನಲ್ಲಿ ಹೊಳೆಯುತ್ತಿರುತ್ತದೆ.

ಊರಿನವರೇ ಬಂದು ತಮ್ಮ ಕಲೆಯನ್ನು ಕೂಡಿ ಮಾಡುವ ಸಂಜೆಯಲ್ಲಿ ಬದಲಾಗಬೇಕಾದ್ದು ಕಲಿಸುವವರು ಯಾರು ಎಂಬುದು. ಹೊರದೇಶದ ಮ್ಯೂಸಿಯಮ್ಮಿನಲ್ಲಿ ದೀಪಾವಳಿ ಎಂದರೆ ರಂಗೋಲಿ ಇದ್ದೇ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಆಗುವುದೇನು? ಕೈ ಪಳಗಿದ ಇಬ್ಬರು ಹೆಂಗಸರು ಮೂರು ಗಂಟೆ ಕೂತು ಅದ್ಭುತವಾದ ನವಿಲು ಬಿಡಿಸುತ್ತಾರೆ. ಸುತ್ತ ಹಗ್ಗ ಕಟ್ಟಿ 'ಮುಟ್ಟಬೇಡಿ' ಎಂಬ ಫಲಕ ನೆಡುತ್ತಾರೆ. ಸ್ಪಾಕ್ ತೆಗೆಸಿದ ಗಾಜಿನ ಪೆಟ್ಟಿಗೆ ಹಗ್ಗದ ವೇಷದಲ್ಲಿ ಮರಳಿ ಬಂತು.

ಚುಕ್ಕಿ ರಂಗೋಲಿಗೆ ಈ ಗತಿ ಬರುವುದಿಲ್ಲ. 7ರಿಂದ 4ಕ್ಕೆ ಮಧ್ಯ ಚುಕ್ಕಿ ಎಂದರೆ ಸಾಲಾಗಿ 4, 5, 6, 7, 6, 5, 4, ಒಟ್ಟು 37. ಇಡಲು 37 ಮಕ್ಕಳನ್ನು ನಿಲ್ಲಿಸಿದರೆ ತಲೆಗೊಂದು ಚುಕ್ಕಿ. ಬಣ್ಣ ತುಂಬಲು ಎಷ್ಟು ಜನ ಬೇಕಾದರೂ ಆಗಬಹುದು, ಒಂದು ಮನೆ ಹಾಳಾದರೆ ಪಕ್ಕದ ಮನೆ ಕೆಡದು. ಕಾರ್ಪೆಟ್ಟಿನ ಮೇಲೆ ನೇರ ಹಾಕುವಂತಿಲ್ಲ, ಪುಡಿ ಎಳೆಗಳ ಬುಡಕ್ಕೆ ಇಳಿದು ಅಲ್ಲೇ ನೆಲೆಸುತ್ತದೆ. ಕಪ್ಪು ರಟ್ಟು ಹಾಸಿ, ಅಂಚನ್ನು ಎರಡು ಬೆರಳು ಮೇಲಕ್ಕೆ ಮಡಿಸಿ ತಟ್ಟೆಯ ಹಾಗೆ ಮಾಡಿಕೊಳ್ಳಬೇಕು. ರಂಗೋಲಿ ಪುಡಿಗಿಂತ ಬಣ್ಣದ ಹರಳುಪ್ಪು ವಾಸಿ: ಹಾರುವುದಿಲ್ಲ, ಬಾಯಿಗೆ ಹಾಕಿದ ಮಗು ತಾನೇ ಉಗುಳುತ್ತದೆ. ಅರ್ಧ ಕೆಜಿ ಉಪ್ಪಿಗೆ ಆಹಾರ ಬಣ್ಣದ ಐದಾರು ಹನಿ ಹಾಕಿ ಕುಲುಕಿ ಒಂದು ರಾತ್ರಿ ಆರಬಿಡಬೇಕು. ಹಸಿಯಿದ್ದರೆ ಬೆರಳಿಗೆ ಅಂಟುವುದೇ ಹೊರತು ಉದುರದು. ಮೂರು ಬೆರಳಲ್ಲಿ ಉದುರಿಸುವುದು ಐದು ವರ್ಷದ ಕೈಗೆ ಒಲಿಯದು. ತುದಿ ಕತ್ತರಿಸಿದ ಕಾಗದದ ಕೊಟ್ಟೆ ಕೊಟ್ಟರೆ ಸುರಿಯುತ್ತಾರೆ, ಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಉಪ್ಪು ಅದೇ ಲೆಕ್ಕದಲ್ಲಿ ತರಬೇಕು. ಪರಿಣತರಿಗೆ ಇಲ್ಲಿ ಕಷ್ಟದ ಕೆಲಸ ಒಂದೇ: ಮಗುವಿನ ವಕ್ರ ಗೆರೆಯನ್ನು ಅದು ಅತ್ತ ತಿರುಗಿದಾಗ ನೆಟ್ಟಗೆ ಮಾಡದೆ ಕೂರುವುದು.

ಮುಚ್ಚುವ ಹೊತ್ತಿಗೆ ದೀಪ ಮಿಣುಕಿಸಿದರೆ ಮಕ್ಕಳು ಅದನ್ನೂ ಆಟವೆಂದು ಕುಣಿಯುತ್ತಾರೆ. ಕೈಗೆ ಕೆಲಸ ಕೊಟ್ಟರೆ ಹೊರಡುತ್ತಾರೆ. ರಂಗೋಲಿಯ ಸಂಜೆಯಲ್ಲಿ ಆ ಕೆಲಸ ಎದುರಿಗೇ ಇದೆ. ಅಪ್ಪ ಅಮ್ಮಂದಿರು ಇನ್ನೊಂದು ಫೋಟೋ, ಇನ್ನೊಂದೇ ಒಂದು, ಎನ್ನುವಷ್ಟರಲ್ಲಿ ಗಿಡ್ಡ ಪೊರಕೆಗಳು ನಾಲ್ಕೂ ದಿಕ್ಕಿನಿಂದ ನುಗ್ಗಿರುತ್ತವೆ. ಕೆಂಪು, ಹಳದಿ, ಹಸಿರು, ನೀಲಿ ಎಲ್ಲ ಬಕೆಟ್ಟಿಗೆ ಬಿದ್ದು ಒಂದಾಗಿ, ಬದನೆಕಾಯಿಯದೂ ಅಲ್ಲದ, ಬೂದಿಯದೂ ಅಲ್ಲದ ಒಂದು ಬಣ್ಣವಾಗುತ್ತದೆ. ಆ ಬಣ್ಣದ ಹೆಸರೇನೆಂದು ಬಾಗಿಲವರೆಗೂ ಜಗಳ.